ಕೂಡಿಸಲಿಲ್ಲ

ದುರ್ಗಿಗುಡಿಯ ಅಡ್ಡರಸ್ತೆಯೊಂದರಲ್ಲಿ
ಆರಡಿ ಅಗಲ, ಎಂಟಡಿ ಉದ್ದದ ನನ್ನ ಅಂಗಡಿ.
ಬೋರ್ಡಿನಲ್ಲಿ ಗ್ಲ್ಯಾಡಿಸ್ ಮೊಬೈಲ್ಸ್. ಬಂದವರು
ಗ್ಲ್ಯಾಡಿಸ್ ಎಲ್ಲಿ ಅಂತ ನನ್ನನ್ನೇ ಕೇಳುತ್ತಾರೆ;
ಹೆಂಗಸು ಸ್ಕ್ರೂಡ್ರೈವರ್ ಹಿಡಿದರೆ
ಯಾರದೋ ಅಂಗಡಿ ಕಾಯುತ್ತಿದ್ದಾಳೆ ಎಂದೇ ಲೆಕ್ಕ.

ಪ್ಯಾಟರ್ನ್ ಏನು? ಅದು ನನ್ನ ಮೊದಲ ಪ್ರಶ್ನೆ.
ಒಂಬತ್ತು ಚುಕ್ಕಿ, ಬೆರಳೆತ್ತದೆ ಎಳೆಯುವ ಒಂದೇ ಗೆರೆ.
ರಂಗೋಲಿ ಬಲ್ಲ ಕೈ ಸುತ್ತಿ ಬಳಸಿ ಬರುತ್ತದೆ,
ಗಂಡಸರದು ಹೆಚ್ಚಾಗಿ ಬರೀ ‘ಎಲ್’.
ಬೀಟಿನ ಪೊಲೀಸರದೂ ‘ಎಲ್’.
ಚೀಟಿಯಲ್ಲಿ ಬರೆದುಕೊಂಡು, ಕೆಲಸ ಮುಗಿದದ್ದೇ
ಸೋಲ್ಡರಿಂಗ್ ಕಡ್ಡಿಯ ತುದಿಗೆ ಹಿಡಿದು ಸುಡುತ್ತೇನೆ.
ಯಾರೂ ಕಲಿಸಿದ್ದಲ್ಲ.

ರಾತ್ರಿ ಷಟರ್ ಅರ್ಧ ಎಳೆದು ಸುದ್ದಿ ಓದುವುದು ಚಟ,
ಬೇರೆಯವರಿಗೆ ಧಾರಾವಾಹಿ ಇದ್ದ ಹಾಗೆ.
ಮಂಡಿಯವರು ಅಡಿಕೆ ಧಾರಣೆ ಕೇಳಿದಂತೆ
ನಾನು ರ‍್ಯಾಮ್ ಧಾರಣೆ ಕೇಳುತ್ತೇನೆ. ಯೋಚಿಸುವ ಯಂತ್ರಗಳ ಕಣಜಕ್ಕೆ
ಚಿಪ್ಪೆಲ್ಲ ಹರಿದು ಹೋಗಿ, ಮೊನ್ನೆಮೊನ್ನೆಯ
ಎಂಟು ಜೀಬಿಯ ಪಟ್ಟಿಗೂ ಈಗ ಬಂಗಾರದ ಗತ್ತು.
ಪರದೆಯನ್ನು ತಾನೇ ಆಗಾಗ ಫೋಟೊ ಹಿಡಿದಿಡುವ
ಕಂಪ್ಯೂಟರ್ ಬಂದಿದೆಯಂತೆ,
ನೀವು ಮರೆತದ್ದನ್ನು ನೆನಪಿಸಲಿಕ್ಕೆ.
ಮರೆಯಲೆಂದೇ ಬಿಟ್ಟದ್ದನ್ನು?
ಅದರ ಬಗ್ಗೆ ಒಂದು ಸಾಲೂ ಇಲ್ಲ.

ಬೈಯುತ್ತ ಓದುತ್ತೇನೆ, ಓದುತ್ತ ಕಣ್ಣರಳುತ್ತದೆ.
ಸುಳ್ಳೇಕೆ, ನನಗೆ ಇದೆಲ್ಲ ಇಷ್ಟ.
ಉಗುರಿನಷ್ಟು ಸಿಲಿಕಾನಿನಲ್ಲಿ
ಶಿವಮೊಗ್ಗಕ್ಕಿಂತ ಹೆಚ್ಚು ಓಣಿಗಳು.
ಹೊರಟಲ್ಲಿ ಬೀಗ ಬಿದ್ದ ಮಾತು
ಮುಟ್ಟಿದಲ್ಲಿ ಮಾತ್ರ ಬಿಚ್ಚಿಕೊಳ್ಳುವ ಗಣಿತ:
ಗುಣಿಸಲು ಗಳಿಗೆ, ಬಿಡಿಸಲು ಯುಗ.
ಪಿಯುಸಿಯಲ್ಲಿ ಮೂವತ್ತೇಳು ಅಂಕದವಳು ನಾನು,
ಅದು ಅರ್ಥವಾದ ರಾತ್ರಿ
ಒಬ್ಬಳೇ ಚಪ್ಪಾಳೆ ತಟ್ಟಿಕೊಂಡೆ.

ಯುಗಾದಿ ಕಳೆದ ವಾರ ಒಬ್ಬಳು ಬಂದಳು.
ಹೆಸರು ಇಲ್ಲಿ ಬರೆಯುವುದಿಲ್ಲ. ಊರೂ ಬೇಡ,
ಸವಳಂಗ ರಸ್ತೆಯ ಬಸ್ಸು ಎಂದದ್ದೇ ಜಾಸ್ತಿ.
ಅಕ್ಕಾ, ಬ್ಯಾಟರಿ ನಿಲ್ತಾ ಇಲ್ಲ.
ಬ್ಯಾಟರಿ ಗಟ್ಟಿಮುಟ್ಟಾಗಿತ್ತು.
ಒಳಗೆ ಇನ್ಯಾರೋ ಕೂತು ಉಣ್ಣುತ್ತಿದ್ದರು:
ಕ್ಯಾಲ್ಕುಲೇಟರಿನ ವೇಷದ ಒಂದು ಆ್ಯಪು,
ಕೂಡಲು ಬಾರದು, ಕಳೆಯಲು ಬಾರದು,
ಅವಳು ಎಲ್ಲಿದ್ದಾಳೆ ಎಂಬುದನ್ನು ಐದು ನಿಮಿಷಕ್ಕೊಮ್ಮೆ
ಒಂದು ನಂಬರಿಗೆ ಒಪ್ಪಿಸುತ್ತಿತ್ತು.
ತೋರಿಸಿದೆ. ಪೂರ್ತಿ ಓದಬೇಕಾಗಲಿಲ್ಲ ಅವಳಿಗೆ,
ಕೊನೆಯ ಎರಡಂಕಿಗೇ ಗುರುತು ಹತ್ತಿತು.
ಕಬ್ಬಿನ ಹಾಲು ತರಿಸಲಾ ಅಂದೆ.
ಬೇಡ ಅಂದಳು.

ತೆಗೆದುಬಿಡಲಾ?
ತೆಗೆದರೆ ಗೊತ್ತಾಗುತ್ತೆ ಅಕ್ಕಾ.
ದೇಶದೇಶದ ಗೂಢಲಿಪಿ ಸುದ್ದಿ ಕುಡಿದವಳು ನಾನು,
ವಿಪಿಎನ್ನು, ಫೈರ್‌ವಾಲು, ಅಂತ ಶುರುಮಾಡಿದೆ.
ಅವಳು ನನ್ನ ಮೇಜಿನ ಕೆಳಗಿನ ಡ್ರಾ ನೋಡುತ್ತಿದ್ದಳು.
ಇದನ್ನ ಇಲ್ಲೇ ಇಡ್ತೀನಿ, ಹತ್ತರಿಂದ ಒಂದು.
ಮೇಲಿನ ಮಹಡೀಲಿ ಟ್ಯಾಲಿ ಕ್ಲಾಸಲ್ವಾ.

ಉಪಗ್ರಹಕ್ಕೆ ಮೆಟ್ಟಿಲು ಎಣಿಸಲು ಬರುವುದಿಲ್ಲ.
ಅಂದಿನಿಂದ ನನ್ನ ಡ್ರಾದೊಳಗೆ,
ಸತ್ತ ಚಾರ್ಜರುಗಳ ನಡುವೆ,
ಅವಳು ಅಲುಗದೆ ಟ್ಯಾಲಿ ಕಲಿಯುತ್ತಿದ್ದಾಳೆ.
ಕ್ಲಾಸಿನಲ್ಲಿ ಫೋನ್ ಎತ್ತಬಾರದೆಂದು ಕಡ್ಡಾಯ ನಿಯಮವಿದೆ,
ನಿಯಮ ಮಾಡಿದವಳು ಅವಳೇ.

ನೆಹರೂ ರಸ್ತೆ ದಾಟುವುದನ್ನು ಕಂಡಿದ್ದೇನೆ,
ಅಲ್ಲಿಂದಾಚೆ ನನ್ನ ಕಣ್ಣು ಹೋಗುವುದಿಲ್ಲ,
ನಾನು ಕಳಿಸುವುದೂ ಇಲ್ಲ.
ಒಮ್ಮೆ ಚಪ್ಪಲಿಗೆ ಹೊಳೆಯ ಮರಳು ಅಂಟಿತ್ತು.
ಇನ್ನೊಮ್ಮೆ ಬೆರಳಲ್ಲಿ ನೀಲಿ ಶಾಯಿ.
ಮತ್ತೊಂದು ದಿನ ಬರೀ ನಗು.
ಕೂಡಿಸಿದ್ದರೆ ಏನಾದರೂ ಮೊತ್ತ ಬರುತ್ತಿತ್ತು.
ಕೂಡಿಸಲಿಲ್ಲ.

ನಿನ್ನೆ ಫೋನು ತೆಗೆದುಕೊಳ್ಳುತ್ತ
ಹೊಸ ಪ್ಯಾಟರ್ನ್ ಹಾಕಿದೀನಿ, ನೋಡ್ತೀರಾ ಅಕ್ಕಾ, ಅಂದಳು.
ಬೆರಳು ಮೊದಲ ಚುಕ್ಕಿಯ ಮೇಲಿತ್ತು.
ಸ್ಕ್ರೂ ಬಿತ್ತು ಅಂತ ನಾನು ಕೆಳಗೆ ಬಗ್ಗಿದೆ.
ಯಾವ ಸ್ಕ್ರೂವೂ ಬಿದ್ದಿರಲಿಲ್ಲ.