ಕಾಲಂ ಒಂಬತ್ತು

ದಿಲ್ಲಿಯಿಂದ ಬಂದ ನಮೂನೆಯಲ್ಲಿ
ಕಾಲಂ ಒಂಬತ್ತು: ‘ಹೊಂದಾಣಿಕೆ ಕ್ರಮಗಳು.’
ಅಘನಾಶಿನಿಯ ಗಜನಿ ಕಟ್ಟೆಯ ಮೇಲೆ
ಟ್ಯಾಬ್ ಹಿಡಿದು ನಿಂತಿದ್ದೆ, ಚಪ್ಪಲಿ ಕಂಕುಳಲ್ಲಿ.

ಬೊಮ್ಮಿ ಗೌಡ್ತಿ ಮೊಣಕಾಲುದ್ದ ಕೆಸರಲ್ಲಿ
ಬಿರುಕಿಗೆ ಮಣ್ಣು ಮೆತ್ತುತ್ತಿದ್ದಳು.
೨೦೫೦ಕ್ಕೆ ನೀರು ಎಲ್ಲಿವರೆಗೆಂದು ನಕ್ಷೆ ತೋರಿಸಿದೆ.
“ಬರೋ ಅಮಾಸೆಗೆ ಎಲ್ಲಿವರೆಗೆ? ಅದು ಹೇಳೇ ತಂಗಿ.”

ಪಟ್ಟಿಯಲ್ಲಿ ಭತ್ತವಿತ್ತು, ಕಗ್ಗ ಇರಲಿಲ್ಲ.
ಉಪ್ಪುಂಡು ತೆನೆ ಬಿಡುವ ಅದನ್ನು
‘ಇತರೆ’ಗೆ ಹಾಕಿದೆ.
‘ಇತರೆ’ಗೆ ಹಣವಿಲ್ಲವೆಂದು
ಕಾರವಾರದ ಸಾಹೇಬರು ಮೊದಲೇ ಹೇಳಿದ್ದರು.

ಅವಳು ಸೆರಗಿನ ಗಂಟು ಬಿಚ್ಚಿ
ಹಿಡಿ ಬೀಜ ಸುರಿದಳು ನನ್ನ ಕೈಗೆ:
“ದಿಲ್ಲಿಗೆ ಕಳಸು. ಸಮುದ್ರದ ನೀರು ಹಾಕಿ ನೋಡ್ಲಿ.”

ಖಾಲಿ ಬಿಡುವಂತಿಲ್ಲವೆಂದು
ಕಾಲಂ ಕೆಂಪಾಗಿ ಮಿಣುಕಿತು.
ಉಬ್ಬರ ಆಗಲೇ ಏರುತ್ತಿತ್ತು, ಸದ್ದಿಲ್ಲದೆ.
ಬರೆದೆ:
ಮಣ್ಣು, ಹನ್ನೆರಡು ಬುಟ್ಟಿ.
ಹೆಂಗಸು, ಒಬ್ಬಳು.