ಮೂರನೆಯ ಕೂಳೆ

ಕಬ್ಬು ಕಡಿಯುವವರಿಗೆ ನಿಂಗಾಜಮ್ಮ ಹೇಳುತ್ತಿದ್ದುದು ಒಂದೇ ಮಾತು:
"ನೆಲ ಮುಟ್ಟಂಗೆ ಕಡೀರಪ್ಪ. ಗೇಣುದ್ದ ಬುಟ್ರೆ
ಕೂಳೆ ಗಾಳೀಲಿ ಹುಟ್ತದೆ, ಬೇರಲ್ಲಿ ಹುಟ್ಟಾಕಿಲ್ಲ."

ಕಡಿದ ಮೇಲೆ ರವದಿಗೆ ಬೆಂಕಿ ಇಡಲು ಬಿಡುತ್ತಿರಲಿಲ್ಲ.
ಸುತ್ತಲ ಗದ್ದೆಗಳು ರಾತ್ರಿಯಿಡೀ ಉರಿದು
ಬೆಳಿಗ್ಗೆ ಕೊಪ್ಪಲಿನ ರಂಗೋಲಿಗಳ ಮೇಲೆಲ್ಲ
ಕರಿಯ ಎಳೆಗಳು.
ಅವಳ ಗದ್ದೆ ಮಾತ್ರ ಒಣಗರಿ ಹೊದ್ದು
ಜ್ವರ ಬಿಟ್ಟವರ ಹಾಗೆ ಮಲಗಿರುತ್ತಿತ್ತು.
ಕೈ ತೂರಿಸಿದರೆ ಒಳಗೆ ತಣ್ಣಗೆ, ಒದ್ದೆ,
ಒಂದು ಎರೆಹುಳ ಬೆರಳನ್ನು ವಿಚಾರಿಸಿಕೊಂಡು ಹೋಗುತ್ತಿತ್ತು.

ಸಂಘವನ್ನೂ ಹಾಗೇ ನಡೆಸಿದಳು, ಹತ್ತೊಂಬತ್ತು ವರ್ಷ.
ಜವನಮ್ಮನ ಗಂಡ ನಾಲೆಗೆ ಬಿದ್ದ ವಾರ
ಯಾರೂ ಸಮಾಧಾನ ಹೇಳಕೂಡದೆಂದು ಕಟ್ಟು ಮಾಡಿ
ಸರದಿ ಹಾಕಿದಳು:
ಸೋಮವಾರದ ಮುದ್ದೆ, ಬಸ್ಸಾರು ನಮ್ಮ ಮನೆಯದು,
ಮಂಗಳವಾರ ಎಮ್ಮೆಗೆ ಹುಲ್ಲು ಶಾಹೀನಾಳದು,
ಬುಧವಾರದವಳು ಸುಮ್ಮನೆ ಹೋಗಿ ಕೂರುವುದು.
ಬುಧವಾರವೇ ಕಷ್ಟದ್ದು.
ಯಾರೂ ಕೇಳಿ ತೆಗೆದುಕೊಳ್ಳುತ್ತಿರಲಿಲ್ಲ.
ದುಃಖವನ್ನು ಸುಡಬಾರದು, ಹೊದಿಸಿಡಬೇಕು —
ಹೀಗೆಂದು ಅವಳು ಹೇಳಲಿಲ್ಲ.
ನಾನು ಸಂಘದ ಲೆಕ್ಕ ಬರೆಯುವವಳು,
ಹೇಳದ್ದನ್ನೂ ಬರೆದುಕೊಳ್ಳುವ ಚಟ.

ಟ್ರಂಕಿನ ಬೀಗದ ಕೈ ಮಾತ್ರ ಅವಳ ಸೊಂಟದಲ್ಲೇ ಇತ್ತು.
ಅದನ್ನೂ ಬರೆಯಬೇಕು.
ಯಾರಿಗೆ ಸಾಲ, ಯಾರ ಮಗಳ ಫೀಜು,
ಯಾರ ಹೆರಿಗೆಗೆ ನಡುರಾತ್ರಿ ಆಟೋ,
ಎಲ್ಲ ಅವಳ ಬಾಯಿಂದಲೇ ಆಗಬೇಕು.
ತಪ್ಪು ಮಾಡಿದವಳಲ್ಲ. ಅದೇ ಎಡವಟ್ಟಾದದ್ದು.
ನಾವು ಹದಿನಾಲ್ಕು ಜನ
ಹೂಂ ಅನ್ನುವುದರಲ್ಲಿ ಪಳಗಿಹೋದೆವು.
ರಸ್ತೆಯಿಂದ ನೋಡಿದವರಿಗೆ ಗದ್ದೆ ಹಸಿರೇ.
ಒಳಗೆ ಹೊಕ್ಕರೆ ಜಲ್ಲೆ ಬೆರಳ ಗಾತ್ರ.

ಆಷಾಢ, ನಾಲೆಗೆ ನೀರು ಬಿಟ್ಟ ದಿನ
ಅವಳ ಬಲಗೈ ಬಿದ್ದುಹೋಯಿತು, ಅರ್ಧ ಬಾಯೂ.
ಮಂಡ್ಯದ ಆಸ್ಪತ್ರೆಯ ಹೆಂಗಸರ ವಾರ್ಡು.
"ಇನ್ಯಾರವ್ವ ನಮಗೆ" ಎಂದು ಶಾಹೀನಾ ಅತ್ತಾಗ
ಎಡಗೈಯಲ್ಲಿ ಸೊಂಟ ತಡಕಿ, ಕೀ ಕಿತ್ತು,
ಯಾರ ಕೈಗೂ ಕೊಡದೆ ಹಾಸಿಗೆಯ ಮೇಲೆ ಎಸೆದಳು.
"ನಂದು ಮೂರ್ನೆ ಕೂಳೆ. ಗದ್ದೆ ಮುರೀರಿ."
ಕೂಳೆ ಎಂದಳೋ ಕೊಳೆ ಎಂದಳೋ,
ಆ ನಾಲಿಗೆಯಲ್ಲಿ ಎರಡೂ ಒಂದೇ ಆಗಿತ್ತು.

ಆ ತಿಂಗಳ ಸಭೆಯಲ್ಲಿ ಬಹಳ ಹೊತ್ತು
ಫ್ಯಾನು ಒಂದೇ ಮಾತಾಡಿತು.
ಆಮೇಲೆ ಜವನಮ್ಮ, ಆರು ವರ್ಷ ತುಟಿ ಬಿಚ್ಚದವಳು,
"ಸಾಲದ ಪಟ್ಟಿ ಓದು, ಎಲ್ರೂ ಕೇಳಾನ" ಎಂದಳು.
ಓದಿದೆ. ಜಗಳವಾಯಿತು.
ಇಬ್ಬರು ಎದ್ದು ಹೋದರು, ಒಬ್ಬಳು ಇನ್ನೂ ಬಂದಿಲ್ಲ.
ಟ್ರಂಕಿಗೆ ಈಗ ಬೀಗವಿಲ್ಲ;
ಅದು ಒಳ್ಳೆಯದೋ ಅಲ್ಲವೋ, ನನಗಿನ್ನೂ ಗೊತ್ತಿಲ್ಲ.

ಅವಳ ಗದ್ದೆಗೆ ಆ ವರ್ಷ ಅಪ್ಸೆಣಬು ಚೆಲ್ಲಿದೆವು.
ಯಾರೂ ಉಣ್ಣದ ಬೆಳೆ, ಆಲೆಮನೆ ಕೇಳದ ಬೆಳೆ.
"ಎಷ್ಟು ಟನ್ನಮ್ಮ ಈ ಸಲ?" ಎಂದ ಫ್ಯಾಕ್ಟರಿ ಫೀಲ್ಡ್‌ಮನ್ನು.
"ಸೊನ್ನೆ, ಬರ್ಕೊ" ಎಂದಳು ಜವನಮ್ಮ.
ನಲವತ್ತೈದನೆಯ ದಿನ ಹಳದಿ ಹೂ ತುಂಬಿ ನಿಂತಾಗ,
ನೋಡಲು ಚಂದವಾಗಿದ್ದಾಗಲೇ,
ಮಗುಚಿ ಹಾಕಿದೆವು.

ಬುಧವಾರವನ್ನು ಈ ಸಲ ನಾನೇ ಕೇಳಿ ತೆಗೆದುಕೊಂಡೆ.
ಬದುವಿನ ಮೇಲೆ ಪ್ಲಾಸ್ಟಿಕ್ ಕುರ್ಚಿ, ಅದರಲ್ಲಿ ಅವಳು,
ಎಡಗೈಯಲ್ಲಿ ರುಜು ಕಲಿಯುತ್ತಿದ್ದಾಳೆ, ನನ್ನ ಹಳೆ ಲೆಕ್ಕದ ಹಾಳೆಯ ಬೆನ್ನಿಗೆ.
ಕೆಸರಿನಿಂದ ಹಸಿರು ಕೊಳೆಯುವ ವಾಸನೆ ಎದ್ದು ಬರುತ್ತಿತ್ತು.
ನಾನು ಸೆರಗನ್ನು ಮೂಗಿಗೆ ಒಯ್ದೆ.
ಅವಳು ನನ್ನ ಕೈ ಹಿಡಿದು ಕೆಳಗಿಳಿಸಿದಳು.