ಮೊದಲು ಹೊಗೆ ಬಿಟ್ಟವರು

ಸೆಪ್ಟೆಂಬರ್ ಎಂಟಕ್ಕೇ
ಬೆರಳಿನುಂಗುರ ಸಡಿಲ.
ಚಳಿ ಬಂದದ್ದು ನನಗೆ ತಿಳಿಯುವುದೇ ಹೀಗೆ:
ಪಾತ್ರೆ ತೊಳೆಯುವಾಗ ಸಿಂಕಿನಲ್ಲಿ ಟಣ್ಣೆಂಬ ಸದ್ದು,
ಆಮೇಲೆ ನೊರೆಯೊಳಗೆ ತಡಕಾಟ.

ಈ ವರ್ಷ ಬೇಸಿಗೆ ಬರಲೇ ಇಲ್ಲ.
ಜೂನಿನ ಒಂದು ಮಂಗಳವಾರ ಬಂದಿತ್ತಂತೆ,
ಅಂಚೆಯ ಡಿಂಪ್ನಾ ಆಣೆಯಿಟ್ಟು ಹೇಳುತ್ತಾಳೆ.
ಆವತ್ತು ನಾನು ಹಲ್ಲಿನ ಡಾಕ್ಟರ ಮುಂದೆ
ಬಾಯಿ ತೆರೆದು ಮಲಗಿದ್ದೆ.

ಲೀಟ್ರಿಮ್‌ನ ನೆಲವನ್ನು ಎಕರೆಯಲ್ಲಲ್ಲ,
ಲೀಟರಿನಲ್ಲಿ ಅಳೆದು ಮಾರಬೇಕು ಎಂಬುದು ಹಳೆಯ ನಗೆಮಾತು.
ಈಗ ಯಾರೂ ನಗುವುದಿಲ್ಲ.
ಜೌಗಿನಲ್ಲಿ ಕಡಿದು ಗೂಡುಗಟ್ಟಿದ ಟರ್ಫು
ನಿಂತಲ್ಲೇ ಮತ್ತೆ ಕೆಸರಾಗುತ್ತಿದೆ,
ಅಲ್ಲಿಗಿಳಿದ ಟ್ರ್ಯಾಕ್ಟರು ಮೇಲೇಳುವುದಿಲ್ಲ.
ಕೊಟ್ಟಿಗೆಯಲ್ಲಿ ಉಳಿದದ್ದು ಹೋದ ವರ್ಷದ ಆರು ಚೀಲ.
ಎಣಿಸಿದ್ದೇನೆ.
ರಾತ್ರಿ ಟಾರ್ಚು ಹಿಡಿದು ಮತ್ತೊಮ್ಮೆ ಎಣಿಸಿದ್ದೇನೆ.

ಅಕ್ಟೋಬರ್ ಹುಟ್ಟುವ ಮೊದಲು ಒಲೆ ಹಚ್ಚಿದವಳು
ಫೆಬ್ರವರಿಯಲ್ಲಿ ಕುರ್ಚಿ ಸುಡುತ್ತಾಳೆ, ಅನ್ನುತ್ತಿದ್ದಳು ಅಮ್ಮ.
ಹಾಗಾಗಿ ಎರಡು ಜೊತೆ ಕಾಲುಚೀಲ,
ಒಳಗೆ ನನ್ನದು, ಮೇಲೆ ತೀರಿಕೊಂಡ ಅಣ್ಣನ ಉಣ್ಣೆಯಂಗಿ,
ತೊಡೆಯ ಮೇಲೆ ಬೆಕ್ಕಿನಂತೆ ಬಿಸಿನೀರ ಚೀಲ,
ಪಕ್ಕದಲ್ಲಿ, ಹೊಟ್ಟೆಕಿಚ್ಚಿನಿಂದ, ಬೆಕ್ಕು.
ನಾಲ್ಕು ದಿನವಾದರೂ ಒಣಗದ ಬಟ್ಟೆ
ಕುರ್ಚಿಗಳ ಬೆನ್ನಿನ ಮೇಲೆ.
ಒದ್ದೆ ನೆಂಟರು ಮನೆ ತುಂಬ ಕೂತು
ಬಂದ ಕೆಲಸ ಮರೆತ ಹಾಗೆ.

ನಾವು ಮಳೆಯನ್ನು ಮಳೆ ಎನ್ನುವವರಲ್ಲ.
ಹನಿಯುತ್ತಿದ್ದರೆ, ಮೆತ್ತನೆ ದಿನ.
ಧೋ ಎಂದು ಸುರಿದರೆ, ಒಂಚೂರು ತೇವ.
ಹಟ್ಟಿಯ ತಗಡು ಹಾರಿ ಪಕ್ಕದ ಊರಿಗೆ ಬಿದ್ದ ಮೇಲೆ ಮಾತ್ರ
ಇವತ್ತು ಗಾಳಿ ಇದ್ದಂತಿದೆ, ಅನ್ನುತ್ತೇವೆ.

ಎರಡು ಹೊಲ ದಾಟಿದರೆ ಫೆಲಿಮ್‌ನ ಚಿಮಣಿ.
ಇಪ್ಪತ್ತು ವರ್ಷದಿಂದ ನಮ್ಮಿಬ್ಬರಿಗೂ ಪಂದ್ಯ,
ಬಾಯಿಬಿಟ್ಟು ಆಡಿದ್ದಲ್ಲ:
ಮೊದಲು ಹೊಗೆ ಬಿಟ್ಟವರು ಸೋತಂತೆ.
ಭಾನುವಾರ ಇಗರ್ಜಿಯ ಬಾಗಿಲಲ್ಲಿ
ಅಂಥ ಚಳಿಯೇನಿಲ್ಲ, ಅನ್ನುತ್ತಾನೆ. ತುಟಿ ನೀಲಿ.
ಸೆಕೆಯೇ ಅನ್ನಬೇಕು, ಅನ್ನುತ್ತೇನೆ.
ನನ್ನ ಹಲ್ಲುಗಳು ಅದನ್ನೇ ಎರಡು ಸಲ ಹೇಳುತ್ತವೆ.

ಗುರುವಾರ, ಹನ್ನೆರಡನೇ ತಾರೀಖು.
ಮೂರು ಸಂಜೆಯಿಂದ ಅವನ ಅಡುಗೆಮನೆಯಲ್ಲಿ ದೀಪವಿಲ್ಲ.
ಎಪ್ಪತ್ತೊಂಬತ್ತು ಅವನಿಗೆ.
ರಬ್ಬರ್ ಬೂಟು ತೊಟ್ಟು ಹೊರಟೆ.
ಗಾಳಿಗೆ ಬೆನ್ನು ಕೊಟ್ಟ ದನಗಳು
ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿದ್ದವು
ತಡವಾದ ಬಸ್ಸಿಗೆ ಕಾಯುವವರಂತೆ.
ಎರಡನೇ ಹೊಲ ಮುಗಿಯುವಷ್ಟರಲ್ಲಿ ನಾನು
ಪಾದ್ರಿಗೆ ಫೋನು ಮಾಡಿಯಾಗಿತ್ತು ಮನಸ್ಸಿನಲ್ಲೇ,
ಬಂದವರಿಗೆಲ್ಲ ಹ್ಯಾಮ್ ಸ್ಯಾಂಡ್‌ವಿಚ್ ಕತ್ತರಿಸಿಯಾಗಿತ್ತು.

ಬಾಗಿಲು ತೆರೆದೇ ಇತ್ತು. ಕೆಟಲು ತಣ್ಣಗೆ.
ಮಂಚದ ಮೇಲೆ ಹೊದಿಕೆ ಇಲ್ಲ.

ಅಂಗಳದಲ್ಲಿ ಕಾರು. ಒಳಗಿನ ಉಸಿರಿಗೆ
ಗಾಜುಗಳೆಲ್ಲ ಬೆಳ್ಳಗೆ. ಎಂಜಿನ್ನು ಗುರುಗುಟ್ಟುತ್ತಿದೆ.
ಎದೆ ಧಸಕ್ಕೆಂದು ಬಾಗಿಲೆಳೆದೆ:
ಹೊದಿಕೆ ಸುತ್ತಿಕೊಂಡು, ಟೋಪಿ ಹಾಕಿಕೊಂಡು,
ಡಬ್ಬಿಯಿಂದ ಸಾರ್ಡೀನು ತಿನ್ನುತ್ತ ಫೆಲಿಮ್.
ರೇಡಿಯೋದಲ್ಲಿ ಹೋರಿಗಳ ಧಾರಣೆ.
ಹೀಟರು ಒಲೆಯಂತೆ ಉರಿಯುತ್ತಿದೆ.

ಬಾಗಿಲು ಹಾಕು ಮಾರಾಯ್ತಿ, ಬಿಸಿ ಹೋಗುತ್ತೆ, ಅಂದ.
ಬೈಗುಳ ಗಂಟಲಿಗೆ ಬಂದಿತ್ತು, ಅಷ್ಟರಲ್ಲಿ ಅವನೇ,
ಇದು ಲೆಕ್ಕಕ್ಕಿಲ್ಲ,
ಹೊಗೆ ಹಿಂದಿನಿಂದ ಬರ್ತಾ ಇದೆ.

ನಾಯಿಯನ್ನು ಹಿಂದಕ್ಕೆ ತಳ್ಳಿ ಕೂತೆ.
ಅಣ್ಣನ ಉಣ್ಣೆಯಂಗಿ ಹಬೆಯಾಡತೊಡಗಿತು,
ತಾನು ಕುರಿಯಾಗಿದ್ದ ಕಾಲದ ವಾಸನೆ ಬಿಟ್ಟಿತು.
ಇಬ್ಬರೂ ಮಾತಾಡಲಿಲ್ಲ.
ಹೋರಿಗಳ ರೇಟು ಇಳಿದಿತ್ತು.
ಹೊರಗೆ ಮಳೆ ತಗಡಿನ ಮೇಲೆ ಯಾರ ಮೇಲೋ ಮುನಿದಂತೆ.

ಪೆಟ್ರೋಲಿನ ಮುಳ್ಳು ಕಾಲು ಭಾಗದ ಕೆಳಗೆ.
ಅಕ್ಟೋಬರಿಗೆ ಇನ್ನೂ ಹತ್ತೊಂಬತ್ತು ದಿನ.
ನಾಳೆ ನಿನ್ನ ಕಾರು, ಅಂದ.
ಹೂಂ ಅಂದೆ.
ನನ್ನ ಹೀಟರು ಎಡಗಾಲಿಗೆ ಮಾತ್ರ ಊದುತ್ತದೆ,
ಅದನ್ನು ಹೇಳಲಿಲ್ಲ.